ಹಾಲಿಗೆ ಸಾಕ್ಷಿ ಹಾಕಿದ ಬೆಳಿಗ್ಗೆ

ಎಪ್ಪತ್ತರ ದಶಕದಲ್ಲಿ ನಾವು ಹುಮನಾಬಾದಿನಲ್ಲಿದ್ದೆವು. ಆ ಬೆಳಿಗ್ಗೆಯೂ ಸ್ಟೋವ್ ಹಚ್ಚಿ, ಪಾತ್ರೆ ತೊಳೆದುಕೊಂಡು ಹಾಲಿಗಾಗಿ ಬಾಗಿಲಲ್ಲಿ ನಿಂತಿದ್ದೆ. ಬೇಮಳಖೇಡದ ಶರಣಮ್ಮ ಕ್ಯಾನು ಇಳಿಸುವಷ್ಟರಲ್ಲಿ ಫುಡ್ ಇನ್‌ಸ್ಪೆಕ್ಟರ್ ಬಂದು, “ಯಾವ ಹಾಲು?” ಎಂದರು.

“ಎಮ್ಮೀದ್ರಿ ಸಾಹೇಬ್ರ,” ಎಂದಳು ಶರಣಮ್ಮ, ದಿನದ ರೂಢಿಯಂತೆ.

ಎಮ್ಮೆ ಹಾಲು ಕಡಿಮೆ ಮಾಡಿದೆ, ವಾರದಿಂದ ಆಕಳ ಹಾಲು ಕೂಡಿಸಿ ತರುತ್ತಿದ್ದೇನೆ ಎಂದು ಅವಳೇ ನನಗೆ ಹೇಳಿದ್ದಳು. ಅದೇನು ತಪ್ಪೆಂದು ನಾನು ಸುಮ್ಮನಿದ್ದೆ. ಇನ್‌ಸ್ಪೆಕ್ಟರ್ ಹಾಲನ್ನು ಮೂರು ಶೀಶೆಗಳಿಗೆ ತುಂಬಿ, ಕೆಡದಂತೆ ಔಷಧಿಯ ಹನಿ ಬಿಟ್ಟು, ಅರಗಿನ ಮುದ್ರೆ ಒತ್ತಿದರು. ಸಾಕ್ಷಿಗೆ ನನ್ನ ಸಹಿ ಕೇಳಿದರು. ಕಾನ್ವೆಂಟಿನಲ್ಲಿ ತಿದ್ದಿದ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ ಹಾಕಿದೆ.

“ಎಮ್ಮೆ ಹಾಲು ಅಂತ ಮಾರಿದ ಮೇಲೆ ಆಕಳದ್ದು ಬೆರೆತಿದ್ದರೂ ಕಲಬೆರಕೆಯೇ. ಜೈಲೂ ಆಗಬಹುದು,” ಎಂದರು ಅವರು, ಕಾಗದ ಮಡಚುತ್ತ.

ಶರಣಮ್ಮ ನನ್ನ ಕಡೆ ತಿರುಗಿದಳು. “ಅಕ್ಕಾರ, ಒಂದು ಹನಿ ನೀರು ಹಾಕಿಲ್ಲ ನಾ. ನಿಮಗ ಎಲ್ಲಾ ಗೊತ್ತದಲ್ಲ, ಹೇಳ್ರಿ.”

ನಾನು ಹೇಳಿದೆ. “ಇನ್ನು ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿ, ತಾಯಿ,” ಎಂದು ಅವರು ಪೆನ್ನು ಜೇಬಿಗಿಟ್ಟರು. ಶರಣಮ್ಮ ಯಾರ ಮನೆಗೂ ಹಾಲು ಹಾಕದೆ ತುಂಬಿದ ಕ್ಯಾನು ಹೊತ್ತು ಹೊರಟುಹೋದಳು.

ಸಂಜೆ ಪಕ್ಕದ ಮನೆಯ ಕಲಾವತಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಅವಳ ಗಂಡನದು ಬಜಾರಿನಲ್ಲಿ ಖೋವಾದ ಅಂಗಡಿ. ಖೋವಾಕ್ಕೆ ಬೇಯಿಸಿದ ಆಲೂಗಡ್ಡೆ ಬೆರೆಸುವುದು ಓಣಿಗೆಲ್ಲ ಗೊತ್ತಿತ್ತು.

“ಅಯ್ಯ, ಸಾಹೇಬ್ರು ಬರ್ತಾರಂತ ನಮ್ಮವ್ರಿಗಿ ನಿನ್ನೇನೇ ಖಬರ್ ಬಂದಿತ್ತು ವೈನಿ,” ಎಂದಳು, ಬಟ್ಟಲು ಮುಂದೆ ಹಿಡಿಯುತ್ತ. “ಅದಕ್ಕ ಇವತ್ತ ದುಕಾನೇ ತೆರೀಲಿಲ್ಲ. ಪಾಪ, ಆಕಿಗಿ ಯಾರು ಹೇಳಬೇಕು?”