ತಾನಾಗಿ ಆಯಿತೆಂದರೆ ನಂಬದ ಟಾಂಗ್ ಮೇಡಂ

ನಮ್ಮ ಚೀನೀ ವಿದ್ಯಾರ್ಥಿಗಳು ಇಂಗ್ಲಿಷ್ ಬರೆಯುವಾಗ ‘ಅಪಘಾತ ಸಂಭವಿಸಿತು’ ಎನ್ನದೆ ‘ಸಂಭವಿಸಲ್ಪಟ್ಟಿತು’ ಎಂಬಂತೆ, ‘ದೋಣಿ ಮಾಯವಾಯಿತು’ ಎನ್ನದೆ ‘ಮಾಯವಾಗಲ್ಪಟ್ಟಿತು’ ಎಂಬಂತೆ ಏಕೆ ಬರೆಯುತ್ತಾರೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತಾರು ವರ್ಷ ಸವೆಸಿದ ಪ್ರಾಧ್ಯಾಪಕಿ ಟಾಂಗ್ ಪೇಯ್‌ಲಾನ್ ಅವರು, ಲಾಂಝೌ ನಗರದ ನಮ್ಮ ಶಿಕ್ಷಕರ ಕಾಲೇಜಿನಿಂದ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತನ್ನು ಬಲ್ಲವರು ಕೈ ಮುಗಿಯುತ್ತಾರೆ; ಅವರನ್ನೇ ಬಲ್ಲವರು ಸ್ವಲ್ಪ ಹೆದರುತ್ತಾರೆ. ಮಜ್ಜಿಗೆಯನ್ನೂ ಊದಿ ಕುಡಿಯುವ ಸ್ವಭಾವ ಅವರದು. ತಮ್ಮ ಬಿಸಿನೀರಿನ ಥರ್ಮಾಸಿನ ಮುಚ್ಚಳಕ್ಕೆ ಸೀಮೆಸುಣ್ಣದ ಗುರುತು ಹಾಕಿಟ್ಟು, ತೆರೆದವರು ಯಾರೆಂದು ವಿಚಾರಣೆ ನಡೆಸುತ್ತಿದ್ದವರು ಅವರು.

೧೯೮೭ರ ಚಳಿಗಾಲದ ಪರೀಕ್ಷೆಯಲ್ಲಿ ಫಾಂಗ್ ಸೂಯುನ್ ಎಂಬ ಈ ಲೇಖಕಿಯೂ ಅವಳ ಕೋಣೆಯ ಗೆಳತಿ ಮಾ ಗುಯಿಯಿಂಗಳೂ ಒಂದೇ ಬೆಂಚಿನಲ್ಲಿ ಕೂತು, ನದಿಯಲ್ಲಿ ಕಳೆದುಹೋದ ದೋಣಿಯ ಕಥೆ ಬರೆದಿದ್ದರು. ಇಬ್ಬರ ಹಾಳೆಯಲ್ಲೂ ‘ಮಾಯವಾಗಲ್ಪಟ್ಟಿತು’ ಎಂಬಂಥ ಅವೇ ಐದು ತಪ್ಪುಗಳಿದ್ದವು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಟಾಂಗ್ ಮೇಡಂ ಇಬ್ಬರನ್ನೂ ಕರೆಸಿದರು.

“ಯಾರು ಯಾರದ್ದು ನೋಡಿ ಬರೆದ್ರಿ?”

“ಯಾರೂ ನೋಡಿಲ್ಲ ಟೀಚರ್,” ಎಂದಳು ಫಾಂಗ್.

“ಐದೂ ಒಂದೇ ಥರ, ತಾನಾಗೇ ಆಯ್ತಾ? ನನ್ನ ಕಿವಿ ಮೇಲೆ ಹೂ ಇಡ್ತೀರಾ?”

ಮಾ ಸುಮ್ಮನಿರುವವಳಲ್ಲ. “ಕದಿಯೋದೇ ಆಗಿದ್ರೆ ಸರಿ ಉತ್ತರ ಕದೀತಿದ್ವಿ ಟೀಚರ್! ತಪ್ಪು ಕದಿಯೋಷ್ಟು ದಡ್ಡರಾ ನಾವು?”

ಮೇಡಂ ಇಬ್ಬರ ಕಣ್ಣೆದುರೇ, ನಕಲು ಮಾಡಿದ್ದಾರೆಂದು ವರದಿ ಬರೆದರು. ಅದು ನಮ್ಮಲ್ಲಿ ಸಣ್ಣ ಮಾತಲ್ಲ. ಪ್ರತಿಯೊಬ್ಬರ ಹೆಸರಿನಲ್ಲೂ ಮೊಹರು ಹಾಕಿದ ಒಂದು ಕಡತವಿರುತ್ತದೆ. ಶಾಲೆಯಿಂದ ನೌಕರಿಗೆ, ನೌಕರಿಯಿಂದ ನಿವೃತ್ತಿಗೆ ಅದು ನಮ್ಮ ಹಿಂದೆಯೇ ಬರುತ್ತದೆ, ಆದರೆ ನಮ್ಮ ಕಡತವನ್ನು ನಾವು ತೆರೆಯುವಂತಿಲ್ಲ. ಆ ವರದಿ ಅದರೊಳಗೆ ಸೇರಿದರೆ ಇಬ್ಬರಿಗೂ ಶಿಕ್ಷಕಿಯ ಕೆಲಸ ಕನಸೇ.

ಆದರೆ ಮೇಡಂ ತಮ್ಮ ವರದಿಯನ್ನೂ ನಂಬಲಿಲ್ಲ. ಈ ಹುಡುಗಿಯರು ಕಾಲಿಡದ ಮೂರು ಶಾಲೆಗಳಿಗೆ ಹೋಗಿ, ಅಲ್ಲಿನ ಮಕ್ಕಳಿಂದ ಅದೇ ಕಥೆ ಬರೆಸಿದರು. ಎಲ್ಲ ಕಡೆಯೂ ದೋಣಿ ‘ಮಾಯವಾಗಲ್ಪಟ್ಟಿತ್ತು’. ನಮ್ಮ ಭಾಷೆಯಲ್ಲಿ ಯಾವುದಕ್ಕೆ ಏನಾಯಿತೋ ಅದನ್ನೇ ಮುಂದಿಟ್ಟು ಮಾತಾಡುತ್ತೇವೆ, ಕ್ರಿಯಾಪದದ ರೂಪ ಬದಲಾಗುವುದಿಲ್ಲ; ಇಂಗ್ಲಿಷ್ ತರಗತಿಯಲ್ಲೋ, ವಾಕ್ಯದ ಮುಂದೆ ನಿಂತದ್ದು ತಾನೇ ಕೆಲಸ ಮಾಡಿಲ್ಲವಾದರೆ ಕ್ರಿಯಾಪದವನ್ನು ‘-ಲ್ಪಟ್ಟಿತು’ ರೂಪಕ್ಕೆ ಬದಲಿಸು ಎಂದು ಕಲಿಸುತ್ತೇವೆ. ಪಾಪ, ದೋಣಿ ತಾನೇನೂ ಮಾಡಲಿಲ್ಲ. ಹಾಗಾದರೆ ಮಾಡಿದವರು ಬೇರೆ ಯಾರೋ ಇರಬೇಕು ಎಂದು ಮಗು ಅನುಮಾನಿಸುತ್ತದೆ. ಮೇಡಂ ಜಗತ್ತಿಗೆ ತೋರಿಸಿಕೊಟ್ಟದ್ದು ಇದನ್ನೇ: ಮಕ್ಕಳೂ ಅವರಂತೆಯೇ ಸಂಶಯದವರು.

ವಾರದ ನಂತರ ಇಬ್ಬರಿಗೂ ದನದ ಮಾಂಸದ ನೂಡಲ್ಸ್ ಕೊಡಿಸಿ, “ವರದಿ ಹರಿದು ಹಾಕಿದೀನಿ, ತಿನ್ನಿ,” ಎಂದರು.

ಮಾ ನಂಬಿದಳು, ಬಟ್ಟಲು ಖಾಲಿ ಮಾಡಿದಳು. ಈ ಲೇಖಕಿ ನಂಬಲಿಲ್ಲ. ಮುಂದೆ ಇದೇ ವಿಭಾಗದಲ್ಲಿ ಸಹೋದ್ಯೋಗಿಯಾದ ಮೇಲೂ, ಎರಡು ಬಾರಿ ಬಡ್ತಿ ತಪ್ಪಿದಾಗ, ಆ ಕಾಗದ ಕಡತದಲ್ಲೇ ಇದೆಯೆಂದು ಒಳಗೊಳಗೇ ಬೆಂದಳು. ಒಮ್ಮೆ ಕೇಳಿಯೇಬಿಟ್ಟಳು: “ನಿಜವಾಗ್ಲೂ ಹರಿದ್ರಾ ಮೇಡಂ?”

“ನನ್ನನ್ನೇ ಅನುಮಾನಿಸ್ತೀಯಾ? ಭೇಷ್, ಏನೋ ಕಲ್ತಿದೀಯ.”

ಕಳೆದ ತಿಂಗಳು ಅವರ ಬೀರು ಖಾಲಿ ಮಾಡುವಾಗ, ತಳದಲ್ಲಿ ಅವರ ಸಂಶೋಧನೆಯ ಕಾಗದಗಳ, ದಾರ ಕಟ್ಟಿದ ಮೊದಲ ಕಟ್ಟು ಸಿಕ್ಕಿತು. ಎರಡು ಉತ್ತರಪತ್ರಿಕೆ, ಜೊತೆಗೆ ಆ ವರದಿ, ಅಂಚೂ ಹರಿಯದೆ. ಕೆಳಗೆ ಕೆಂಪು ಶಾಯಿಯಲ್ಲಿ, ನೂಡಲ್ಸ್ ತಿಂದ ದಿನದ ತಾರೀಖಿನೊಂದಿಗೆ, ಮೇಡಂ ಬರೆದಿದ್ದರು: ‘ಕಳುಹಿಸಕೂಡದು. ಈ ಮಕ್ಕಳು ಕದ್ದಿಲ್ಲ. ತಪ್ಪು ಮಾಡಿದವಳು ನಾನು.’

“ಹರಿದೆ ಅಂದಿದ್ರಲ್ಲ ಮೇಡಂ?”

“ಹರಿದಿದ್ರೆ, ನಾನು ಮಾಡಿದ್ದಕ್ಕೆ ಸಾಕ್ಷಿ ಎಲ್ಲಿರ್ತಿತ್ತು?”

ಮೂವತ್ತಾರು ವರ್ಷ ಅನುಮಾನಿಸಿದ್ದಕ್ಕೆ ಈ ಲೇಖಕಿಗೆ ನಾಚಿಕೆಯಾಯಿತು, ಅಳುವೂ ಬಂತು. ಟಾಂಗ್ ಮೇಡಂ ನೂರು ವರ್ಷ ಬಾಳಲಿ. ಥರ್ಮಾಸಿನ ಗುರುತು ಅಳಿಸದಿರಲಿ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಹೊಗಳಿಕೆಯನ್ನೆಲ್ಲ ಅನುಮಾನಿಸುತ್ತಲೇ ಓದಲಿ. ಆ ವರದಿಯನ್ನು ಅವರು ಈ ಲೇಖಕಿಗೆ ಕೊಟ್ಟಿದ್ದಾರೆ. ಅವಳೂ ಅದನ್ನು ಹರಿಯುವುದಿಲ್ಲ.