ಹಿಕ್ಕೆ ಪಂಡಿತೆಯ ಪ್ರಶ್ನೆ

ನನ್ನ ಚಿಕ್ಕಮ್ಮನನ್ನು ಅವಳ ಕೆಲಸದ ಜಾಗದಲ್ಲಿ ‘ಹಿಕ್ಕೆ ಪಂಡಿತೆ’ ಎಂದು ಕರೆಯುತ್ತಿದ್ದರು. ಇಟ್ಟವರು ಅಣಕಿಸಲೆಂದೇ ಇಟ್ಟ ಹೆಸರು. ಅವಳು ಅದನ್ನು ಬಿರುದಿನ ಹಾಗೆ ತಗೊಂಡಳು. ವೈದ್ಯಕೀಯ ಸಂಶೋಧನಾಲಯವೊಂದರಲ್ಲಿ ಕೋತಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಪಂಜರ ತೊಳೆಯಬೇಕು, ಹಣ್ಣು ಹೆಚ್ಚಿ ಹಾಕಬೇಕು, ಯಾವುದು ತಿಂದಿತು, ಯಾವುದು ಮುಖ ತಿರುಗಿಸಿತು ಎಂದು ಬರೆದಿಡಬೇಕು. “ಮಂಗನ ಕೈಗೆ ಮಾಣಿಕ್ಯ ಸಿಕ್ಕಿತು ಅಂತಾರೆ. ನನ್ನ ಕೈಗೆ ಮಂಗಗಳೇ ಸಿಕ್ಕಿವೆ, ನಾನೇ ಅದೃಷ್ಟವಂತೆ” ಎಂದು ನಗುತ್ತಿದ್ದಳು.

ಅವಳು ಮದುವೆಯಾಗಲಿಲ್ಲ. ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಇದ್ದಳು. ಅವಳಿಗೆ ಮೂವತ್ತೆಂಟಾಗಿದ್ದಾಗ ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಕಾಯಿಲೆ ಬಿದ್ದ. ಅವನು ಲಾರಿ ಡ್ರೈವರ್. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಎಂದು ಬಂತು. ಔಷಧಿಗಳು ಆಗಿನ್ನೂ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ನೆಂಟರು ಅವನ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟರು. ನನ್ನ ಅಪ್ಪ ಕೂಡ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಚಿಕ್ಕಮ್ಮ ಮಾತ್ರ ಅವನನ್ನು ತನ್ನ ಕೋಣೆಗೆ ಕರೆತಂದು, ಅವನ ಮಂಚದ ಅಂಚಿನಲ್ಲೇ ಕೂತು, ಅವನ ಜೊತೆಗೇ ಉಂಡಳು.

ಅವನನ್ನು ಅರೆದದ್ದು ಹೊಟ್ಟೆ. ಉಂಡದ್ದು ನಿಲ್ಲುತ್ತಿರಲಿಲ್ಲ. ಹನ್ನೊಂದು ತಿಂಗಳಲ್ಲಿ, ಹಿಂಡಿ ಹರವಿದ ಬಟ್ಟೆಯ ಹಾಗೆ ಆಗಿ, ತೀರಿಕೊಂಡ.

ಆಮೇಲೆ ಒಂದು ತಿಂಗಳಿಗೆ ಚಿಕ್ಕಮ್ಮ ಮೇಲ್ವಿಚಾರಕರ ಬಳಿ ಹೋಗಿ, ತನ್ನನ್ನು ಕೊನೆಯ ಕಟ್ಟಡಕ್ಕೆ ಹಾಕಿ ಎಂದು ಕೇಳಿದಳು. ವೈರಸ್ ಇರುವ ಕೋತಿಗಳ ಕಟ್ಟಡ ಅದು. ಅಲ್ಲಿ ಕೆಲಸ ಬಿದ್ದವರೆಲ್ಲ ರಜೆ ಹಾಕುವ ದಾರಿ ಹುಡುಕುತ್ತಿದ್ದರು. ಮೇಲ್ವಿಚಾರಕರಿಗೆ ನಂಬಿಕೆ ಬರಲಿಲ್ಲ.

“ತಲೆ ಸರಿಯಿದೆ ತಾನೆ ನಿಮಗೆ?”

“ಸರಿಯಿದೆ ಸಾರ್. ಅದಕ್ಕೇ ಕೇಳ್ತಿರೋದು.”

ಕೊನೆಯ ಕಟ್ಟಡದಲ್ಲಿ ಎರಡು ಜಾತಿಯ ಕೋತಿಗಳಿದ್ದವು. ಒಂದು ಕಂದು ಬಣ್ಣದ್ದು. ಇನ್ನೊಂದು ಮಸಿ ಬಣ್ಣದ್ದು, ಕಣ್ಣು ಮುಚ್ಚಿದರೆ ರೆಪ್ಪೆ ಬೆಳ್ಳಗೆ ಕಾಣುತ್ತಿತ್ತು. ಎರಡರ ಮೈಯಲ್ಲೂ ಇದ್ದದ್ದು ಒಂದೇ ವೈರಸ್. ಅಲ್ಲಿನ ಪಶುವೈದ್ಯರು ಅವಳಿಗೆ ಬಿಡಿಸಿ ಹೇಳಿದರು. “ಇದು ನಿಮ್ಮ ತಮ್ಮನಿಗೆ ಬಂದದ್ದರ ದಾಯಾದಿ. ಕಂದು ಕೋತಿಗೆ ಹತ್ತಿದರೆ ಒಂದೆರಡು ವರ್ಷದಲ್ಲಿ ಅದು ಸೊರಗುತ್ತೆ. ಮಸಿ ಕೋತಿ ಮಾತ್ರ ಮುದಿಯಾಗೋ ತನಕ ಕುಣೀತಾ ಇರುತ್ತೆ.”

“ಅದರ ರಕ್ತದಲ್ಲಿ ವೈರಸ್ ಕಡಿಮೆ ಇರುತ್ತೇನೋ?”

“ಅಲ್ಲೇ ಇರೋದು ತಮಾಷೆ. ರಾಶಿ ರಾಶಿ ಇರುತ್ತೆ.”

ಚಿಕ್ಕಮ್ಮ ಪೊರಕೆ ಕೆಳಗಿಟ್ಟಳು. “ಮನೆ ತುಂಬ ಕಳ್ಳರು, ಆದರೆ ಒಂದು ಚಮಚವೂ ಕಳುವಾಗಿಲ್ಲ ಅಂದ್ರೆ? ಅದು ಹೇಗೆ ಡಾಕ್ಟ್ರೇ?”

“ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ” ಎಂದರು ಅವರು.

ಅವರು ಹೇಳುವವರೆಗೆ ಕಾಯುವ ಪೈಕಿ ಅಲ್ಲ ನನ್ನ ಚಿಕ್ಕಮ್ಮ. ಏಳನೇ ತರಗತಿ ಓದಿದವಳು, ತನಗೆ ಗೊತ್ತಿದ್ದ ಕಡೆಯಿಂದಲೇ ಹುಡುಕಲು ಹೊರಟಳು. ತಮ್ಮನ ಹೊಟ್ಟೆಯನ್ನು ಹನ್ನೊಂದು ತಿಂಗಳು ನೋಡಿದ್ದಳಲ್ಲ. ಪ್ರತಿ ಬೆಳಿಗ್ಗೆ ಪಂಜರ ತೊಳೆಯುವ ಮೊದಲು ಒಂದೊಂದು ಕೋತಿಯ ಹಿಕ್ಕೆ ನೋಡಿ ಬರೆದಳು: ಗಟ್ಟಿ, ಮೆತ್ತಗೆ, ನೀರು. ಯಾರೂ ಬರೆ ಎಂದಿರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂಬತ್ತು ಪುಸ್ತಕ ತುಂಬಿದವು. ಬಿರುದು ಸಿಕ್ಕಿದ್ದು ಆಗಲೇ.

ಆ ಹೊತ್ತಿಗೆ ಹೊಸ ಸಂಶೋಧಕಿಯೊಬ್ಬರು ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೆ. ಎರಡು ವರ್ಷ ಕೋತಿಗಳ ರಕ್ತ ಎಣಿಸಿ ಎಣಿಸಿ ಸೋತಿದ್ದರು. ಒಂದು ದಿನ ಸಭೆಯಲ್ಲಿ ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಚಹಾ ಲೋಟ ಎತ್ತಲು ಹೋಗಿದ್ದ ಚಿಕ್ಕಮ್ಮ ಬಾಯಿ ಬಿಟ್ಟಳು.

“ಮೇಡಂ, ರಕ್ತ ಕೆಡೋದಕ್ಕಿಂತ ಎಷ್ಟೋ ತಿಂಗಳು ಮೊದಲೇ ಕಂದಿನವುಗಳ ಹೊಟ್ಟೆ ಕೆಡುತ್ತೆ. ಮಸಿಯವಕ್ಕೆ ವೈರಸ್ ಹತ್ತಿದ ಮೊದಲ ಎರಡು ಮೂರು ವಾರ ಮಂಕು, ಅಷ್ಟೇ. ಆಮೇಲೆ ಒಂದು ದಿನವೂ ಕೆಟ್ಟಿಲ್ಲ.”

ಹಿರಿಯ ವಿಜ್ಞಾನಿಯೊಬ್ಬರು ನಕ್ಕರು. “ಸರಿ ಹೋಯ್ತು, ಇನ್ನು ಹಿಕ್ಕೆ ನೋಡಿ ವಿಜ್ಞಾನ ಕಲಿಯೋಣ!”

ಸಂಶೋಧಕಿ ನಗಲಿಲ್ಲ. “ಬರೆದಿಟ್ಟಿದ್ದೀರಾ?” ಎಂದರು.

ಒಂಬತ್ತೂ ಪುಸ್ತಕಗಳು ಅವರ ಮನೆಗೆ ಹೋದವು. ನಾಲ್ಕನೇ ದಿನ ಅವರು ಕೊನೆಯ ಕಟ್ಟಡದ ಅಂಗಳಕ್ಕೆ ಬಂದು, ಕವುಚಿಟ್ಟ ಬಕೆಟ್ಟಿನ ಮೇಲೆ ಕೂತು, ಒಂದೊಂದೇ ತಾರೀಖು ಹಿಡಿದು ಕೇಳತೊಡಗಿದರು. ಒಂದಕ್ಕೂ ಚಿಕ್ಕಮ್ಮ ತಡವರಿಸಲಿಲ್ಲ. ನೆನಪಿಲ್ಲದ ಕಡೆ “ನೆನಪಿಲ್ಲ, ಊಹೆ ಬರ್ಕೋಬೇಡಿ” ಎಂದಳು. ಅವಳ ವಿದ್ಯೆಗಿಂತ ಈ ಮಾತಿಗೇ ಆ ಸಂಶೋಧಕಿ ಮಾರುಹೋದರು. ಇದನ್ನು ಅವರೇ ನನಗೆ ಹೇಳಿದ್ದು.

ಅವರು ಎರಡೂ ಜಾತಿಯ ಕೋತಿಗಳ ಕರುಳಿನ ಚೂರುಗಳನ್ನು ಪರೀಕ್ಷಿಸಲು ಮತ್ತೆ ಒಂದು ವರ್ಷ ಹಿಡಿಯಿತು. ಬೇರೆ ಊರುಗಳ ಪ್ರಯೋಗಾಲಯಗಳಲ್ಲೂ ಕೆಲವರು ಅದೇ ದಾರಿಯಲ್ಲಿ ಹೊರಟಿದ್ದಾರೆಂದು ಆಮೇಲೆ ತಿಳಿಯಿತು. ಕೆಲಸ ಮುಗಿದ ದಿನ ಸಂಶೋಧಕಿ ಚಿಕ್ಕಮ್ಮನನ್ನು ಒಳಗೆ ಕರೆದು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

“ಇದು ಕಂದು ಕೋತಿಯ ಕರುಳಿನ ಗೋಡೆ. ನೋಡಿ, ಅಲ್ಲಲ್ಲಿ ಕಿತ್ತುಹೋಗಿದೆ. ಆ ತೂತುಗಳಿಂದ ಹೊಟ್ಟೆಯ ಕ್ರಿಮಿಗಳು ರಕ್ತಕ್ಕೆ ನುಗ್ಗುತ್ತವೆ. ಮೈ ಕಾಯೋ ಜೀವಕೋಶಗಳು ಹಗಲೂ ರಾತ್ರಿ ಹೊಡೆದಾಡಿ ಹೊಡೆದಾಡಿ ತಾವೇ ಸವೆದುಹೋಗ್ತವೆ. ಈಗ ಮಸಿ ಕೋತಿಯದು ನೋಡಿ.”

“ಗೋಡೆ ಗಟ್ಟಿಯಾಗಿದೆ.”

“ಹೌದು. ಅದರ ಮೈ ಶುರುವಿನಲ್ಲಿ ಜೋರಾಗಿ ಜಗಳಕ್ಕೆ ನಿಲ್ಲುತ್ತೆ, ಆಮೇಲೆ ತಾನಾಗಿ ಸುಮ್ಮನಾಗುತ್ತೆ. ವೈರಸ್ ಅಲ್ಲೇ ಇರುತ್ತೆ, ಮನೆ ಮಾತ್ರ ಬೀಳಲ್ಲ. ಈ ಕೋತಿಯೂ ವೈರಸ್ಸೂ ಸಾವಿರಾರು ತಲೆಮಾರು ಒಟ್ಟಿಗೆ ಬದುಕಿ ಒಗ್ಗಿಕೊಂಡಿವೆ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಇನ್ನೂ ಇವೆ.”

ಚಿಕ್ಕಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಕಂದು ಕೋತಿಯ ಕರುಳಿದ್ದ ಮೊದಲ ಗಾಜನ್ನೇ ಮತ್ತೆ ಇಡಿಸಿಕೊಂಡು ನೋಡಿದಳು.

“ನನ್ನ ತಮ್ಮನದ್ದೂ ಹೀಗೇ ಆಗಿತ್ತಾ?”

“ಆಗಿರುತ್ತೆ.”

“ನಾನು ಕೊಟ್ಟ ಗಂಜಿ ಸರಿಯಿರ್ಲಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ.”

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳಂತೆ. ಆಮೇಲೆ ಎದ್ದು, ಮಧ್ಯಾಹ್ನದ ಹಣ್ಣು ಹೆಚ್ಚುವುದಿದೆ ಎಂದು ಹೊರಟಳು. ಆ ದಿನ ಮನೆಗೆ ಬಂದವಳು ನನ್ನ ಅಮ್ಮನ ಪಕ್ಕ ಕೂತು, ಮಾವ ಸತ್ತ ಮೇಲೆ ಮೊದಲ ಸಲ ಅವನ ತುಂಟತನಗಳನ್ನು ಹೇಳಿಕೊಂಡು ನಕ್ಕಳು. ಅಕ್ಕತಂಗಿಯರಿಬ್ಬರೂ ಅಡುಗೆ ಮರೆತರು. ಅಪ್ಪ ಬೇಯಿಸಿದ್ದನ್ನು ಎಲ್ಲರೂ ತಿನ್ನಬೇಕಾಯಿತು.

ಚಿಕ್ಕಮ್ಮ ಇನ್ನೂ ಆರು ವರ್ಷ ದುಡಿದು ನಿವೃತ್ತಳಾದಳು. ಕೋತಿಯ ಗುಟ್ಟು ಮನುಷ್ಯರಿಗೆ ಮದ್ದಾಗಿ ಬರಲು ಇನ್ನೂ ಬಹಳ ದೂರವಿದೆ. ಆದರೆ ಮಾವನಿಗೆ ಸಿಗದ ಮಾತ್ರೆಗಳು ಈಗ ಸಿಗುತ್ತವೆ, ತಪ್ಪದೆ ನುಂಗಿದವರು ಬಾಳಿ ಬದುಕುತ್ತಾರೆ. ಆ ಸಂಶೋಧಕಿ ಇಂದಿಗೂ ತಮ್ಮ ಹೊಸ ವರದಿಗಳನ್ನು ಕಳಿಸುತ್ತಾರೆ. ನಾನು ಕನ್ನಡಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಓದುತ್ತೇನೆ. ಎಪ್ಪತ್ತೊಂದರ ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತಾಳೆ. ನಿದ್ದೆ ಬಂತೇನೋ ಎಂದು ನಾನು ಒಂದು ಸಾಲು ಹಾರಿಸಿದರೆ ಸಾಕು.

“ಏಯ್, ಅಲ್ಲೇನೋ ಬಿಟ್ಟೆ ನೀನು. ಹಿಂದಕ್ಕೆ ಹೋಗು.”