ಯಾವ ಒಂಟಿ?

ನಮ್ಮ ಅಕ್ಕೋರ ತುರುಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಸಿಕ್ಕಿಸಿರುತ್ತಿತ್ತು. ಗುಡೂರಿನ ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದ ಅವರು ಮದುವೆಯಾಗಿರಲಿಲ್ಲ. ಊರವರು ‘ಒಂಟಿ ಅಕ್ಕೋರು’ ಎನ್ನುತ್ತಿದ್ದರು. ಅಕ್ಕೋರು ಕೇಳಿಸಿದರೂ ಕೇಳಿಸದವರ ಹಾಗೆ ದಾಟಿ ಹೋಗುತ್ತಿದ್ದರು.

ಪಠ್ಯದಲ್ಲಿಲ್ಲದ ಕಥೆಯೊಂದು ಅವರಿಗೆ ಬಲು ಪ್ರೀತಿ. ವಿಕ್ಟೋರಿಯಾ ರಾಣಿಯ ಕಾಲದ ಅವಳಿ ಅಕ್ಕತಂಗಿಯರು ಮರುಭೂಮಿ ದಾಟಿ ಸಿನಾಯ್ ಬೆಟ್ಟದ ಮಠಕ್ಕೆ ಹೋದದ್ದು. ಅಲ್ಲಿನ ಚರ್ಮದ ಹಾಳೆಗಳಲ್ಲಿ ಸಂತ ಸ್ತ್ರೀಯರ ಚರಿತ್ರೆಯ ಅಡಿಯಲ್ಲಿ, ಯಾರೋ ಅಳಿಸಿದ್ದ ಬೈಬಲ್ಲಿನ ಹಳೆಯ ಬರಹ ಕಂಡದ್ದು. ಪಾಟಿ ಒರೆಸಿ ಬೆಳಕಿಗೆ ಹಿಡಿದು, “ನೋಡ್ರಿ, ನಿನ್ನಿ ಬರದದ್ದು ಇನ್ನೂ ಕಾಣಸ್ತದ” ಎನ್ನುತ್ತಿದ್ದರು.

“ಅವ್ರು ಹೋಗಿದ್ದು ಒಂಟೀಲೆ” ಎಂದಿದ್ದರು. ನಮ್ಮ ಕಡೆ ಒಂಟೆಯೂ ಒಂಟಿಯೇ; ‘ಒಂಟೀಲೆ’ ಅಂದರೆ ಒಂಟೆಯ ಮೇಲೆ ಎಂದೂ ಆಗುತ್ತದೆ, ಒಬ್ಬರೇ ಎಂದೂ ಆಗುತ್ತದೆ. ನಾನು ಒಂಟೆ ಕಂಡವಳಲ್ಲ. ‘ಇಬ್ಬರೂ ಒಂಟಿಯಾಗಿ ಹೋದರು’ ಎಂದು ಅಕ್ಕೋರು ತಾವೇ ಇಟ್ಟ ಪರೀಕ್ಷೆಯಲ್ಲಿ ಬರೆದೆ.

“ಏ ಹುಡುಗಿ, ಇಬ್ರು ಕೂಡಿ ಹೋದವ್ರು ಒಂಟಿ ಹೆಂಗ ಆಗ್ತಾರ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಥಟ್ಟನೆ ನಗು ನಿಲ್ಲಿಸಿ, “ಆಗಬಹುದೇನೋ, ನನಗೂ ತಿಳೀವಲ್ದು” ಎಂದು ಪೂರಾ ಅಂಕ ಕೊಟ್ಟರು. ಆ ಮಾತಿನ ಅರ್ಥ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮುಂದೆ ಹಳೆಯ ಲಿಪಿ ಕಲಿಯಲು ಧಾರವಾಡಕ್ಕೆ ಹೋಗುತ್ತೇನೆಂದು ನಾನು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. ಅಕ್ಕೋರು ಮನೆಗೆ ಬಂದರು.

“ಹೆಣ್ಣ ಹುಡುಗಿನ್ನ ಒಂಟೀಲೆ ಹೆಂಗ ಕಳಸಲ್ರಿ, ಅಕ್ಕೋರ?”

“ಒಂಟಿ ಯಾಕ್ರಿ? ಧಾರವಾಡಕ್ಕ ಬಸ್ ಅದ.”

ಅಪ್ಪ ತಬ್ಬಿಬ್ಬಾಗಿ ಅವ್ವನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ನಕ್ಕ ಮೇಲೆ ಬೇಡ ಅನ್ನುವುದು ಅವನಿಂದಾಗಲಿಲ್ಲ. ತಾನೇ ಇಳಕಲ್ಲಿಗೆ ಬಂದು ಬಸ್ಸು ಹತ್ತಿಸಿದ. ಅಕ್ಕೋರು ಮಾತ್ರ ನಕ್ಕಿರಲಿಲ್ಲ. ತಮಾಷೆ ಮಾಡಿದರೋ, ನಿಜಕ್ಕೂ ತಪ್ಪು ತಿಳಿದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ವರ್ಷ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದೆ.

“ಹೊಂಟೇನವಾ” ಎಂದರು.

“ನಾನೂ ಬರ್ತೇನ್ರಿ” ಎಂದೆ.

“ಬ್ಯಾಡ. ಒಂಟೀಲೆ ಹೊಂಟೇನಿ.”

“ಯಾವ ಒಂಟಿರಿ, ಅಕ್ಕೋರ?”

ತುಟಿ ಅಲುಗಿತು. ನಗುವೋ ನೋವೋ ತಿಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ.

ಈಗ ಐಹೊಳೆಯ ಗುಡಿಗಳಲ್ಲಿ ಸವೆದ ಶಾಸನಗಳನ್ನು ಓದುತ್ತೇನೆ. ಅದು ಅವರು ಹಚ್ಚಿದ ಹುಚ್ಚು. ಹೊಲಕ್ಕೆ ಹೊರಟ ಹೆಂಗಸರು ನಿಂತು, “ಒಂಟೀಲೆ ಬಂದೀರೇನ್ರಿ?” ಎಂದು ಕೇಳುತ್ತಾರೆ. ಹೌದೆನ್ನಲೋ ಅಲ್ಲವೆನ್ನಲೋ ತಿಳಿಯುವುದಿಲ್ಲ.

“ಬಸ್ಸಿಗೆ ಬಂದೇನ್ರಿ” ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ಅಳು ಬರುತ್ತದೆ.